ಎರಡೂವರೆಯ ಖಾಲಿ ಚೌಕ

ಅವಳು ಬರೆದದ್ದನ್ನು ಅವನು ಅಳಿಸಿದ, ಅವಳು ಹಾಕಿದ ಸಹಿಯನ್ನು ಮಾತ್ರ ಉಳಿಸಿಕೊಂಡ. ಆಗಿರುವ ಅನ್ಯಾಯವನ್ನು ಒಂದೇ ಸಾಲಿನಲ್ಲಿ ಹೇಳಿ ಎಂದು ಯಾರಾದರೂ ಕೇಳಿದ್ದರೆ ಅವಳು ಇಷ್ಟನ್ನೇ ಹೇಳುತ್ತಿದ್ದಳು. ಯಾರೂ ಕೇಳಿರಲಿಲ್ಲ. ಬರುವ ಸೋಮವಾರ ಹನ್ನೊಂದು ಗಂಟೆಗೆ ಸುರಕ್ಷತಾ ಇಲಾಖೆಯ ತನಿಖಾಧಿಕಾರಿ ಕೇಳಲಿದ್ದರು. ಅವರಿಗೆ ಒಂದು ಸಾಲು ಸಾಲದು, ಪುರಾವೆ ಬೇಕು.

ಹತ್ತೊಂಬತ್ತು ವರ್ಷದಿಂದ ಅವಳ ಕೆಲಸ ಒಂದೇ: ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. ಅವಳ ಕಂಪನಿ ಲಿಫ್ಟುಗಳನ್ನು ನಡೆಸುವ ಸಾಫ್ಟ್‌ವೇರ್ ತಯಾರಿಸುತ್ತಿತ್ತು. ನೆಲಮಾಳಿಗೆಯ ಪರೀಕ್ಷಾ ಕೋಣೆಯಲ್ಲಿ ಎಲ್ಲಿಗೂ ಹೋಗದ ಒಂದು ಲಿಫ್ಟ್ ಇತ್ತು. ಬಾಗಿಲು, ಮೋಟಾರು, ಗುಂಡಿ ಎಲ್ಲವೂ ಇದ್ದು, ಹತ್ತಿ ಇಳಿಯಲು ದಾರಿ ಮಾತ್ರ ಇಲ್ಲದ್ದು. ಕಳೆದ ವರ್ಷ ಆ ಬಾಗಿಲಿನಲ್ಲಿ ಅವಳಿಗೊಂದು ದೋಷ ಸಿಕ್ಕಿತು. ಮುಚ್ಚುವ ಬಾಗಿಲಿಗೆ ಏನಾದರೂ ಅಡ್ಡ ಬಂದರೆ ಅದು ತೆರೆದುಕೊಳ್ಳುತ್ತಿತ್ತು, ಅಲ್ಲಿಯವರೆಗೆ ಸರಿ. ಆದರೆ ತೆರೆದ ಎರಡೇ ಸೆಕೆಂಡಿನಲ್ಲಿ ಮತ್ತೆ ಮುಚ್ಚಬೇಕಾಗಿ ಬಂದರೆ, ಕೆಲವು ಸಲ, ಸೆನ್ಸರ್ ಹೇಳಿದ್ದು ಬಾಗಿಲಿಗೆ ಕೇಳುತ್ತಲೇ ಇರಲಿಲ್ಲ. ದಿನಪತ್ರಿಕೆಯನ್ನು ಸುತ್ತಿ ಬಾಗಿಲಿಗೆ ಅಡ್ಡ ಹಿಡಿದು ಅವಳು ಎರಡು ದಿನ ಎಣಿಸಿದಳು. ಅರವತ್ತು ಸಲಕ್ಕೊಮ್ಮೆ ಪತ್ರಿಕೆ ನಜ್ಜುಗುಜ್ಜಾಗುತ್ತಿತ್ತು.

ಅದನ್ನು ಕಂಪನಿಯ ದೋಷಪಟ್ಟಿಯಲ್ಲಿ ದಾಖಲಿಸಿದಳು. ವಿಭಾಗದ ಮುಖ್ಯಸ್ಥ ಅವಳ ಮೇಜಿನ ಬಳಿಗೇ ಬಂದ. ಕಚೇರಿಯಲ್ಲಿ ಎಲ್ಲರೂ ಅವನನ್ನು ಬೆನ್ನ ಹಿಂದೆ ‘ನಗುಮುಖ’ ಎನ್ನುತ್ತಿದ್ದರು. ಕೆಲಸದಿಂದ ತೆಗೆದುಹಾಕುವಾಗಲೂ ಅವನು ನಗುತ್ತಿದ್ದ.

“ಅರವತ್ತಕ್ಕೊಂದು ಅಂದ್ರೆ ಇಲ್ಲ ಅಂತಾನೇ ಅರ್ಥ ಕಣ್ರೀ. ಗುರುವಾರ ಗ್ರಾಹಕರಿಗೆ ಕೊಡ್ಬೇಕು. ನೀವು ಸಹಿ ಹಾಕ್ಬಿಡಿ, ಮುಂದಿನ ಆವೃತ್ತೀಲಿ ಸರಿ ಮಾಡೋಣ. ಏನು, ನನ್ನ ಮೇಲೆ ನಂಬಿಕೆ ಇಲ್ವಾ?”

ಗುರುವಾರ ಸಂಜೆ ನಾಲ್ಕಕ್ಕೆ ‘ಪರೀಕ್ಷಿಸಲಾಗಿದೆ, ದೋಷವಿಲ್ಲ’ ಎಂಬ ಕಾಗದಕ್ಕೆ ಸಹಿ ಹಾಕಿದಳು. ಶುಕ್ರವಾರ ಬೆಳಿಗ್ಗೆ ದೋಷಪಟ್ಟಿ ತೆರೆದರೆ ಅವಳ ದಾಖಲೆ ಇರಲಿಲ್ಲ. ಅಳಿಸುವ ಅಧಿಕಾರ ಇದ್ದದ್ದು ಒಬ್ಬನಿಗೇ. ಯಾರು ಏನು ಅಳಿಸಿದರು ಎಂದು ಬರೆದಿಡುವ ಕಡತವನ್ನು ಕಂಪನಿಯ ಕಂಪ್ಯೂಟರು ಆರು ತಿಂಗಳಿಗೊಮ್ಮೆ ತಾನೇ ಒರೆಸಿಹಾಕುತ್ತಿತ್ತು. ಹನ್ನೊಂದು ತಿಂಗಳ ನಂತರ ಒಂದು ಕಚೇರಿ ಕಟ್ಟಡದಲ್ಲಿ, ನೆಲ ಒರೆಸುವ ಹೆಂಗಸೊಬ್ಬಳು ಬಕೆಟ್ಟನ್ನು ಒಳಗೆಳೆದುಕೊಳ್ಳುವಾಗ ಬಾಗಿಲು ಒಮ್ಮೆ ತೆರೆದು ಮತ್ತೆ ಮುಚ್ಚಿತು. ಬಲಗೈಯ ಮೂರು ಬೆರಳು ಹೋದವು.

ಪರೀಕ್ಷಕಿ ಆಸ್ಪತ್ರೆಯವರೆಗೆ ಹೋಗಿದ್ದಳು. ವಾರ್ಡಿನ ಬಾಗಿಲಲ್ಲಿ ನಿಂತು, ಹಾಸಿಗೆಯ ಮೇಲಿನ ಬಿಳಿ ಬ್ಯಾಂಡೇಜನ್ನು ನೋಡಿ, ಒಳಗೆ ಹೋಗದೆ ವಾಪಸಾಗಿದ್ದಳು. ಏನು ಹೇಳಬೇಕಿತ್ತು? ನಿನ್ನ ಬೆರಳಿಗಿಂತ ಮುಂಚೆ ನಾನು ಎರಡು ದಿನ ದಿನಪತ್ರಿಕೆ ಕೊಟ್ಟು ನೋಡಿದ್ದೆ ಎಂದೇ?

ಕಂಪನಿ ತನಿಖೆಗೆ ಕೊಟ್ಟ ಉತ್ತರ ಅರ್ಧ ಪುಟದ್ದು. ದೋಷವನ್ನು ಯಾರೂ ಗಮನಕ್ಕೆ ತಂದಿಲ್ಲ, ಪರೀಕ್ಷಕಿ ಸಹಿ ಹಾಕಿದ್ದಾರೆ, ಪ್ರತಿ ಲಗತ್ತಿಸಿದೆ. ತಪ್ಪಿತಸ್ಥಳೆಂದು ಸಾಬೀತಾದರೆ ಕೆಲಸ ಹೋಗುವುದು ಖಂಡಿತ. ಜೈಲಾಗಬಹುದು ಎಂದು ವಕೀಲರು ಕನ್ನಡಕ ಒರೆಸಿಕೊಳ್ಳುತ್ತ ಹೇಳಿದ್ದರು.

“ಇದ್ದದ್ದು ಇದ್ದ ಹಾಗೆ ಹೇಳಕ್ಕ,” ಎಂದಳು ತಂಗಿ, ಊಟದ ಮೇಜಿನಲ್ಲಿ. ಅಕ್ಕತಂಗಿಯರಿಬ್ಬರೇ ಆ ಮನೆಯಲ್ಲಿದ್ದರು.

“ಹೇಳಿದ್ರೆ ನಂಬೋರು ಯಾರೇ?”

“ಉಪ್ಪಿನ ಡಬ್ಬಕ್ಕೂ ತಾರೀಕು ಬರೆದು ಅಂಟಿಸೋಳು ನೀನು. ಇಷ್ಟು ದೊಡ್ಡ ವಿಷಯಕ್ಕೆ ಒಂದು ಚೂರು ಕಾಗದ ಇಟ್ಕೊಂಡಿಲ್ವಾ?”

ಒಂದು ಚೂರು ಕಾಗದ ಇತ್ತು. ತಂಗಿಗೆ ಅವಳು ಅದನ್ನು ಹೇಳಲಿಲ್ಲ.

ಆ ಊರಿನಲ್ಲಿ ವರ್ಷಕ್ಕೊಮ್ಮೆ, ಒಂದು ಶನಿವಾರ, ಕಂಪ್ಯೂಟರಿನ ಹುಚ್ಚಿರುವವರೆಲ್ಲ ಪಾಲಿಟೆಕ್ನಿಕ್ಕಿನ ಮೇಲಿನ ಅಂತಸ್ತಿನಲ್ಲಿ ಸೇರುತ್ತಿದ್ದರು. ಆ ಕೂಟಕ್ಕೆ ‘ಖಾಲಿ ಹಲಗೆ’ ಎಂದು ಹೆಸರು. ಅಧ್ಯಕ್ಷರಿಲ್ಲ, ಮುಖ್ಯ ಅತಿಥಿಯಿಲ್ಲ, ಮುದ್ರಿತ ಕಾರ್ಯಕ್ರಮವಿಲ್ಲ. ಬೆಳಿಗ್ಗೆ ಗೋಡೆಯ ಮೇಲೆ ಉದ್ದನೆಯ ಕಂದು ಕಾಗದವೊಂದಿರುತ್ತದೆ, ಅದೇ ಹಲಗೆ. ಅದರಲ್ಲಿ ಗೆರೆ ಎಳೆದ ಚೌಕಗಳು. ಅಡ್ಡಸಾಲಿನಲ್ಲಿ ಗಂಟೆ, ಉದ್ದಸಾಲಿನಲ್ಲಿ ಕೋಣೆ. ಮಾತಾಡಬೇಕೆನ್ನಿಸಿದವರು ಒಂದು ಅಂಟುಚೀಟಿಯ ಮೇಲೆ ವಿಷಯ, ಹೆಸರು ಬರೆದು ಬೇಕಾದ ಚೌಕಕ್ಕೆ ಅಂಟಿಸಬೇಕು, ಅಷ್ಟೇ. ಕೇಳಬೇಕೆನ್ನಿಸಿದವರು ಆ ಹೊತ್ತಿಗೆ ಆ ಕೋಣೆಗೆ ಹೋಗುತ್ತಾರೆ. ಬೇಸರವಾದರೆ ನಡುವೆಯೇ ಎದ್ದು ಪಕ್ಕದ ಕೋಣೆಗೆ ಹೋಗಬಹುದು. ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವಂತಿಲ್ಲ. ಯಾರು ಬಂದರು, ಯಾರು ಹೋದರು ಎಂದು ಬರೆದಿಡುವ ಪದ್ಧತಿಯೇ ಇಲ್ಲ.

ಕಳೆದ ವರ್ಷದ ಕೂಟ ಸಹಿ ಹಾಕಿದ ಗುರುವಾರದ ಎರಡು ದಿನಕ್ಕೇ ಬಂದಿತ್ತು. ಅವಳು ಮಾತಾಡಲೆಂದೇ ಹೋಗಿದ್ದಳು. ಹೊರಗಿನ ಬೆಂಚಿನಲ್ಲಿ ಕೂತು ಹಳದಿ ಚೀಟಿಯ ಮೇಲೆ ಬರೆದಿದ್ದಳು: ‘ಲಿಫ್ಟ್ ಬಾಗಿಲಿನಲ್ಲಿ ದೋಷ. ವರದಿ ಮಾಡಿದೆ, ಅಳಿಸಿದರು. ಸಹಿಯನ್ನೂ ಹಾಕಿಬಿಟ್ಟೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?’ ಕೆಳಗೆ ಹೆಸರು. ಮೂರನೇ ಕೋಣೆ, ಮಧ್ಯಾಹ್ನ ಎರಡೂವರೆ. ಆ ಚೌಕ ಖಾಲಿಯಿತ್ತು. ಚೀಟಿ ಹಿಡಿದುಕೊಂಡು ಹಲಗೆಯ ಮುಂದೆ ನಿಂತಳು. ಜನ ಅವಳ ಭುಜ ಸವರಿಕೊಂಡು ಹೋಗಿ ತಮ್ಮ ತಮ್ಮ ಚೀಟಿ ಅಂಟಿಸಿದರು. ಕೆಲಸ ಹೋದರೆ ಮನೆಯ ಕಂತು, ತಂಗಿಯ ಔಷಧಿ, ನಲವತ್ತೇಳನೇ ವಯಸ್ಸಿಗೆ ಹೊಸ ಕೆಲಸ. ಎರಡೂವರೆ ಆಯಿತು, ಮೂರಾಯಿತು. ಆ ಚೌಕ ಕೊನೆಯವರೆಗೂ ಖಾಲಿಯೇ ಉಳಿಯಿತು. ಚೀಟಿಯನ್ನು ಪರೀಕ್ಷೆಯ ನೋಟುಪುಸ್ತಕದೊಳಗೆ ಇಟ್ಟು ಅವಳು ಮನೆಗೆ ಬಂದಳು.

ಆ ಚೀಟಿಯನ್ನೇ ಈಗ ಅಧಿಕಾರಿಯ ಮುಂದೆ ಇಟ್ಟರೆ? ಅವಳು ಅದನ್ನೂ ಯೋಚಿಸಿ ನೋಡಿದ್ದಳು. ಸ್ವಂತ ಚೀಲದಿಂದ ತೆಗೆದ ಕಾಗದವನ್ನು ನಿನ್ನೆ ಬರೆದದ್ದು ಎನ್ನಲು ಯಾವ ವಕೀಲನೂ ಬೇಡ. ಕಾಗದ ನಿಜವಾದರೆ ಸಾಲದು, ಅದು ಇರಬೇಕಾದ ಜಾಗದಲ್ಲಿರಬೇಕು.

ಆಗಲೇ ಈ ವರ್ಷದ ಕೂಟದ ಕರೆಯೋಲೆ ಬಂದದ್ದು. ಹತ್ತನೇ ವರ್ಷವಾದ್ದರಿಂದ ಹಿಂದಿನ ಒಂಬತ್ತೂ ವರ್ಷದ ಹಲಗೆಯ ಸುರುಳಿಗಳನ್ನು ಮೊಗಸಾಲೆಯ ಗೋಡೆಗೆ ತೂಗುಹಾಕಲಾಗುವುದು, ವಾರವಿಡೀ ಇರುತ್ತವೆ, ಬಂದು ನಿಮ್ಮ ಹಳೆಯ ಚೀಟಿ ಹುಡುಕಿಕೊಳ್ಳಿ ಎಂದು ಅದರಲ್ಲಿ ಬರೆದಿತ್ತು. ಕೂಟ ಶನಿವಾರ. ವಿಚಾರಣೆ ಸೋಮವಾರ.

ಅವಳು ಆ ಸಾಲನ್ನು ಮೂರು ಸಲ ಓದಿದಳು. ಒಂದು ವರ್ಷ ತಡವಾಗಿ, ಆ ಚೀಟಿಯನ್ನು ಆ ಚೌಕಕ್ಕೆ ಅಂಟಿಸುವುದು. ಇದರಲ್ಲಿ ಸುಳ್ಳು ಎಷ್ಟು? ಚೀಟಿ ನಿಜ, ಬರೆದ ದಿನ ನಿಜ, ಬರೆದ ಮಾತು ನಿಜ. ಅಂಟಿಸಿದ್ದೊಂದು ಸುಳ್ಳು. ಮನಸ್ಸು ಇಷ್ಟು ಲೆಕ್ಕ ಮಾಡಿ ಮುಗಿಸುವ ಹೊತ್ತಿಗೆ ಕೈ ಆಗಲೇ ನೋಟುಪುಸ್ತಕದ ಹಾಳೆ ಮಗುಚುತ್ತಿತ್ತು.

ತಪ್ಪು ಹುಡುಕುವುದೇ ಕಸುಬಾದವಳು ತನ್ನ ಯೋಜನೆಯಲ್ಲೂ ಮೊದಲು ತಪ್ಪನ್ನೇ ಹುಡುಕಿದಳು. ಮೊದಲನೆಯದು ಫೋಟೋಗಳು. ಕಳೆದ ವರ್ಷದ ಹಲಗೆಯ ಫೋಟೋಗಳು ಇಂಟರ್ನೆಟ್ಟಿನಲ್ಲಿ ಮೂರೇ ಇದ್ದವು. ಕೊನೆಯದು ಹನ್ನೆರಡು ಗಂಟೆಯದು. ಅದರಲ್ಲಿ ಎರಡೂವರೆಯ ಚೌಕ ಖಾಲಿಯಿತ್ತು, ಆದರೆ ಇನ್ನೂ ಐದು ಚೌಕಗಳು ಖಾಲಿಯಿದ್ದವು. ಊಟದ ನಂತರವೂ ಜನ ಅಂಟಿಸುತ್ತಾರೆ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಎರಡನೆಯದು ಅಂಟು. ಅಂಟುಚೀಟಿಗಳು ಒಂದು ವಾರವೂ ನಿಲ್ಲುವುದಿಲ್ಲ. ಅದಕ್ಕೇ ಪಾಲಿಟೆಕ್ನಿಕ್ಕಿನ ಡ್ರಾಯಿಂಗ್ ಮೇಷ್ಟ್ರು ಸಂಜೆ ಸುರುಳಿ ಸುತ್ತುವ ಮುಂಚೆ ಪ್ರತಿ ಚೀಟಿಯ ಮೇಲಂಚಿಗೂ ಗೋಂದಿನ ಕಡ್ಡಿ ಸವರಿ ಭದ್ರ ಮಾಡುತ್ತಿದ್ದರು. ಜೇಬಿನಲ್ಲಿ ಸದಾ ಗೋಂದು ಇರುವುದರಿಂದ ಅವರಿಗೆ ಗೋಂದು ಮೇಷ್ಟ್ರು ಎಂದೇ ಹೆಸರು. ಅವರು ಬಳಸುವ ಗೋಂದಿನ ಕಡ್ಡಿಯನ್ನೇ ಅವಳು ಅಂಗಡಿಯಿಂದ ತಂದು, ಮನೆಯಲ್ಲಿ ಬೇರೆ ಕಾಗದದ ಮೇಲೆ ಎಷ್ಟು ಸವರಿದರೆ ಎಷ್ಟು ಸುಕ್ಕಾಗುತ್ತದೆ ಎಂದು ಹನ್ನೆರಡು ಸಲ ನೋಡಿದಳು.

ಮೂರನೆಯದು ಸಾಕ್ಷಿಗಳು. ಗೋಡೆಯ ಮೇಲಿನ ಚೀಟಿ ಮಾತಾಡಿದ್ದಕ್ಕೆ ಪುರಾವೆಯಲ್ಲ. ಕೇಳಿದ್ದೇವೆ ಎನ್ನುವವರು ಬೇಕು. ಯಾರನ್ನೂ ಸುಳ್ಳು ಹೇಳಿ ಎಂದು ಕೇಳುವಂತಿಲ್ಲ, ಕೇಳಬೇಕಾಗಿಯೂ ಇಲ್ಲ. ಒಂದು ವರ್ಷದ ಹಿಂದೆ ಎದ್ದು ಕೂತು ಅಲೆದಾಡಿದ ಹತ್ತು ಕೋಣೆಗಳಲ್ಲಿ ಯಾವುದರಲ್ಲಿ ಏನು ಕೇಳಿದೆ ಎಂಬುದು ಯಾರಿಗೆ ನೆನಪಿರುತ್ತದೆ? ಖಾಲಿ ಜಾಗವಿದ್ದ ಕಡೆ ನೆನಪನ್ನೂ ಅಂಟಿಸಬಹುದು. ಅವಳು ಎಚ್ಚರದಿಂದ ಆಯ್ಕೆ ಮಾಡಿದಳು. ಅವತ್ತು ಚೀಟಿ ಅಂಟಿಸಿ ಮಾತಾಡಿದವರನ್ನು ಪೂರ್ತಿ ಬಿಟ್ಟಳು. ಅವರಿಗೆ ತಮ್ಮ ಕೋಣೆ, ತಮ್ಮ ಹೊತ್ತು ಚೆನ್ನಾಗಿ ನೆನಪಿರುತ್ತದೆ, ಹೊಂದಿಸಿ ನೋಡಿಬಿಟ್ಟಾರು. ಬರೀ ಕೇಳಲು ಬಂದಿದ್ದವರಲ್ಲಿ ಮೂವರು: ನಿವೃತ್ತ ಗ್ರಂಥಪಾಲಕಿ, ಬಿಡುವಿನಲ್ಲಿ ಪ್ರೋಗ್ರಾಂ ಬರೆಯುವ ಒಬ್ಬ ದಂತವೈದ್ಯ, ರೇಡಿಯೋ ರಿಪೇರಿಯವನು.

ಶನಿವಾರ ಬೆಳಿಗ್ಗೆ ಎಂಟಕ್ಕೇ ಅವಳು ಪಾಲಿಟೆಕ್ನಿಕ್ಕಿನ ಮೆಟ್ಟಿಲು ಹತ್ತಿದಳು. ಮೊಗಸಾಲೆಯಲ್ಲಿ ಒಂಬತ್ತು ಸುರುಳಿಗಳೂ ಸಾಲಾಗಿ ತೂಗುತ್ತಿದ್ದವು, ಇಸ್ತ್ರಿಗೆ ಕಾದ ಸೀರೆಗಳ ಹಾಗೆ. ಗೋಂದು ಮೇಷ್ಟ್ರು ಏಣಿಯಿಂದ ಇಳಿಯುತ್ತಿದ್ದರು.

“ಓ, ಬಂದ್ರಾ? ಇಲ್ಲಿ ಕೈಕಟ್ಟಿ ನಿಲ್ಲೋರಿಗೆ ಜಾಗ ಇಲ್ಲ ನೋಡಿ. ಎಲ್ಲ ಕೆಳಗೆ ಹೋಗಿ ಕುರ್ಚಿ ತರ್ತಾ ಇದೀವಿ.”

“ನಡುನೋವು ಮೇಷ್ಟ್ರೇ.”

“ಹಾಗಾದ್ರೆ ಇಲ್ಲೇ ಇದ್ದು ಕಾವಲು ಕಾಯಿರಿ. ಗಾಳಿಗೆ ಹಾರಿಹೋದ್ರೆ ನಿಮ್ಮನ್ನೇ ಕೇಳ್ತೀನಿ.”

ಅವರು ನಗುತ್ತ ಇಳಿದು ಹೋದರು. ಅವರ ಹಿಂದೆ ನಾಲ್ಕಾರು ಜನರ ಹೆಜ್ಜೆ ಸದ್ದೂ ಇಳಿಯಿತು. ಕೊನೆಯ ಸುರುಳಿ ಕಳೆದ ವರ್ಷದ್ದು, ಒಂಬತ್ತರಲ್ಲಿ ಎಲ್ಲಕ್ಕಿಂತ ಗರಿಗರಿಯಾದದ್ದು. ಅವಳು ಮೊದಲು ಬರೀ ನೋಡಿದಳು. ಒಂದೊಂದು ಚೀಟಿಯಲ್ಲೂ ಒಂದೊಂದು ಅಕ್ಷರ: ಒಬ್ಬರದು ಬಾಗಿದ್ದು, ಒಬ್ಬರದು ಇರುವೆಸಾಲು, ಒಬ್ಬರು ಪ್ರತಿ ಸಾಲಿನ ಕೆಳಗೂ ಗೆರೆ ಎಳೆದಿದ್ದರು. ಬಸ್ ವೇಳಾಪಟ್ಟಿಯ ಆ್ಯಪ್ ಮಾಡಿದವನ ಚೀಟಿ, ಹಕ್ಕಿಯ ಕೂಗು ಗುರುತಿಸುವ ಪ್ರೋಗ್ರಾಮಿನದು, ಹಳೆಯ ಕೀಬೋರ್ಡುಗಳ ಚೀಟಿ. ಎರಡೂವರೆಯ ಚೌಕ ಅವಳಿಗಾಗಿಯೇ ಎಂಬಂತೆ ಖಾಲಿಯಿತ್ತು.

ಗೋಂದು ಸವರಿದಳು. ಒತ್ತಿದಳು. ಹೆಬ್ಬೆರಳಿನಿಂದ ಮೇಲಂಚನ್ನು ಎಡದಿಂದ ಬಲಕ್ಕೆ, ಮೇಷ್ಟ್ರು ಒತ್ತುವಂತೆಯೇ. ಅವಳ ಚೀಟಿ ಅಕ್ಕಪಕ್ಕದವಕ್ಕಿಂತ ಒಂದು ಚೂರು ಮಾಸಿದಂತೆ ಕಂಡಿತು. ನಿಜವಾಗಿಯೂ ಹಳೆಯದಾದ ಕಾಗದಕ್ಕೆ ಆ ಭಯ ಯಾಕೆ ಎಂದುಕೊಂಡಳು. ಮೆಟ್ಟಿಲಲ್ಲಿ ಕುರ್ಚಿ ಎಳೆಯುವ ಸದ್ದು ಕೇಳುವಷ್ಟರಲ್ಲಿ ಅವಳು ಕಿಟಕಿಯ ಬಳಿ ನಿಂತು ಸೊಂಟ ನೀವಿಕೊಳ್ಳುತ್ತಿದ್ದಳು. ಸುಮಾರು ಒಂದು ನಿಮಿಷದ ಕೆಲಸ. ಕಳೆದ ವರ್ಷ ಇದೇ ಒಂದು ನಿಮಿಷ ಅವಳಿಂದ ಆಗಿರಲಿಲ್ಲ.

ದಂತವೈದ್ಯ ಸಿಕ್ಕಿದ್ದು ನೀರಿನ ಫಿಲ್ಟರಿನ ಮುಂದೆ. ಅವನನ್ನು ‘ಬಂದಿದ್ದಿರಾ’ ಎಂದು ಕೇಳಬಾರದು, ಆ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರವೂ ಇದೆ. ಹೊಗಳುವ ನೆನಪನ್ನು ಮಾತ್ರ ಯಾರೂ ವಾಪಸು ಕೊಡುವುದಿಲ್ಲ.

“ಡಾಕ್ಟ್ರೇ, ಹೋದ ವರ್ಷ ಮೂರನೇ ಕೋಣೇಲಿ ನೀವು ಕೇಳಿದ ಪ್ರಶ್ನೆ ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ ನೋಡಿ.”

“ನಾನಾ? ಯಾವುದು?”

“ಅದೇ, ಲಿಫ್ಟ್ ಬಾಗಿಲಿನ ವಿಷಯ ಹೇಳ್ದಾಗ. ಸೆನ್ಸರ್ ಒಂದೇ ಯಾಕೆ, ಎರಡು ಯಾಕಿಲ್ಲ ಅಂದ್ರಲ್ಲ.”

ಅವನು ಲೋಟ ಹಿಡಿದುಕೊಂಡೇ ಚಾವಣಿ ನೋಡಿದ. ಮೂರು ಸೆಕೆಂಡು. ನಾಲ್ಕು. “ಹ್ಞಾ, ಹೌದಲ್ಲ! ಕೇಳಿದ್ದೆ. ನಮ್ಮ ಹಲ್ಲಿನ ಕುರ್ಚಿಗೂ ಎರಡು ಇರುತ್ತೆ ಅಂತ ಹೇಳಿದ್ದೆ ಅನ್ಸುತ್ತೆ. ಹೇಳಿದ್ನಲ್ವಾ?”

“ಹೇಳಿದ್ರಿ,” ಎಂದಳು. ಕುರ್ಚಿಯ ಮಾತು ಅವಳು ಕೊಟ್ಟದ್ದಲ್ಲ. ಅವನೇ ಮನೆಯಿಂದ ತಂದದ್ದು.

ಗ್ರಂಥಪಾಲಕಿ ಇನ್ನೂ ಸುಲಭವಾದರು. ಅವತ್ತು ಕುರ್ಚಿ ಸಾಲದೆ ನೀವು ಪಾಪ ಕಿಟಕಿ ಕಟ್ಟೆ ಮೇಲೆ ಕೂತಿದ್ರಿ ಎಂದದ್ದೇ ತಡ, “ಅಯ್ಯೋ, ಆ ಕಟ್ಟೆ! ಎರಡು ದಿನ ಬೆನ್ನು ಹಿಡ್ಕೊಂಡಿತ್ತು ಕಣಮ್ಮ,” ಎಂದು ಬೆನ್ನು ಮುಟ್ಟಿ ನೋಡಿಕೊಂಡರು. ಆಮೇಲೆ ದನಿ ತಗ್ಗಿಸಿ, “ನೀನು ಅವತ್ತು ಕಣ್ಣಲ್ಲಿ ನೀರು ಹಾಕ್ಕೊಂಡಿದ್ದೆ. ನಾನು ನೋಡಿದೆ, ಹೇಳಲಿಲ್ಲ,” ಎಂದರು. ಅವತ್ತು ಪರೀಕ್ಷಕಿಯ ಕಣ್ಣಲ್ಲಿ ನೀರು ಬಂದದ್ದು ನಿಜ, ಆದರೆ ಅದು ಬಸ್ಸಿನಲ್ಲಿ.

ರೇಡಿಯೋ ರಿಪೇರಿಯವನು ಮಾತ್ರ ತಲೆಯಲ್ಲಾಡಿಸಿದ. “ಇಲ್ಲ ಮೇಡಂ, ನಾನು ಊಟ ಮುಗಿಸಿ ಹೊರಟುಬಿಟ್ಟಿದ್ದೆ ಅನ್ಸುತ್ತೆ.” ಅವಳೇನೂ ಮಾಡಬೇಕಾಗಲಿಲ್ಲ. ಪಕ್ಕದಲ್ಲಿದ್ದ ದಂತವೈದ್ಯ ಅವನ ಬೆನ್ನು ತಟ್ಟಿದ. “ಎಲ್ಲಿ ಹೋಗಿದ್ದೆ ನೀನು? ನನ್ನ ಪಕ್ಕದಲ್ಲೇ ಕೂತು ತೂಕಡಿಸ್ತಿದ್ದೆ!” ಸುತ್ತಲಿದ್ದವರು ನಕ್ಕರು. ರಿಪೇರಿಯವನೂ ನಾಚಿಕೊಂಡು ನಕ್ಕ. ತೂಕಡಿಸಿದವನಿಗೆ ನೆನಪಿಲ್ಲದೆ ಇರುವುದು ಸಹಜ, ಆದ್ದರಿಂದ ಅವನು ಅಲ್ಲಿದ್ದದ್ದೂ ಖಚಿತವಾಯಿತು.

ಆ ಮಧ್ಯಾಹ್ನ ಎರಡೂವರೆಗೆ ಅವಳು ಮೂರನೇ ಕೋಣೆಗೆ ಸುಮ್ಮನೆ ಹೋಗಿ ನಿಂತಳು. ಯಾರೋ ಇಬ್ಬರು ಹಳೆಯ ಪ್ರಿಂಟರ್ ಬಿಚ್ಚಿ ಕೂತಿದ್ದರು. ಕಿಟಕಿಯ ಕಟ್ಟೆ ನೋಡಿದಳು. ಅಲ್ಲಿ ಗ್ರಂಥಪಾಲಕಿ ಕೂತದ್ದು, ಮುಂದಿನ ಸಾಲಿನಲ್ಲಿ ವೈದ್ಯ ಕೈಯೆತ್ತಿದ್ದು, ತಾನು ಕಪ್ಪುಹಲಗೆಗೆ ಒರಗಿ ಮಾತಾಡಿದ್ದು ಕಣ್ಣಿಗೆ ಕಟ್ಟಿದಂತೆ ಬಂತು. ಅವರು ಏನು ಸಲಹೆ ಕೊಟ್ಟರು ಎಂಬುದೊಂದೇ ನೆನಪಾಗಲಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಅವಳು ಕೇಳಿದ್ದಳಲ್ಲ. ಯಾರಾದರೂ, ಸೋಮವಾರವೇ ಹೋಗಿ ಸಹಿ ವಾಪಸು ತಗೊಳ್ಳಿ ಮೇಡಂ ಎಂದಿರುತ್ತಿದ್ದರು. ಅವಳು ಹೋಗಿರುತ್ತಿದ್ದಳೋ ಏನೋ. ಪ್ರಿಂಟರ್ ಬಿಚ್ಚುತ್ತಿದ್ದವರಲ್ಲಿ ಒಬ್ಬ ತಲೆಯೆತ್ತಿ, “ಏನಾದ್ರೂ ಬೇಕಿತ್ತಾ ಮೇಡಂ?” ಎಂದ. ಏನಿಲ್ಲ ಎಂದು ಹೊರಬಂದಳು.

ಸೋಮವಾರದ ವಿಚಾರಣೆಯಲ್ಲಿ ಅವಳು ಚೀಟಿಯ ಸುದ್ದಿಯನ್ನೇ ಎತ್ತಲಿಲ್ಲ. ಅದೂ ಯೋಜನೆಯ ಭಾಗ. ತಾನಾಗಿ ತೋರಿಸಿದ ಪುರಾವೆಗೆ ಬೆಲೆಯಿಲ್ಲ, ಅವರೇ ಹುಡುಕಿಕೊಂಡದ್ದಕ್ಕೆ ಎರಡರಷ್ಟು ಬೆಲೆ. ತನಿಖಾಧಿಕಾರಿ ನಿವೃತ್ತಿಯ ಅಂಚಿನಲ್ಲಿದ್ದ ಹೆಂಗಸು. ಮೃದುವಾದ ದನಿ, ಕೇಳಿದ್ದನ್ನೆಲ್ಲ ಪೆನ್ಸಿಲಿನಲ್ಲಿ ಬರೆದುಕೊಳ್ಳುವ ಅಭ್ಯಾಸ.

“ಮುಖ್ಯಸ್ಥರಿಗೆ ಹೇಳಿದೆ ಅಂತೀರಿ. ಅವರು ಇಲ್ಲ ಅಂತಾರೆ. ಬೇರೆ ಯಾರ ಹತ್ರಾನಾದ್ರೂ ಹೇಳಿಕೊಂಡಿದ್ರಾ?”

“ಒಂದು ಕೂಟದಲ್ಲಿ ಮಾತಾಡಿದ್ದೆ ಮೇಡಂ, ಹೋದ ವರ್ಷ. ಅದೆಲ್ಲ ಯಾರಿಗೆ ನೆನಪಿರುತ್ತೆ, ಬಿಡಿ.”

ಬಿಡಲಿಲ್ಲ. ಅಲ್ಲಿದ್ದವರ ಹೆಸರು ಕೇಳಿದರು, ಅವಳು ತಡವರಿಸುತ್ತ ಕೊಟ್ಟಳು. ಮಂಗಳವಾರ ಬೆಳಿಗ್ಗೆ ದಂತವೈದ್ಯ ತನ್ನ ಕುರ್ಚಿಯ ಎರಡು ಸೆನ್ಸರುಗಳ ಸಮೇತ ಹೇಳಿಕೆ ಕೊಟ್ಟ. ಗ್ರಂಥಪಾಲಕಿ ಕಣ್ಣೀರಿನವರೆಗೆ ಎಲ್ಲವನ್ನೂ ಹೇಳಿ, ಗೋಡೆಯ ಮೇಲೆ ಇವಳ ಚೀಟಿ ಇನ್ನೂ ಇದೆ, ಹೋಗಿ ನೋಡಿ ಎಂದರು. ಅಧಿಕಾರಿ ಹೋಗಿ ನೋಡಿದರು, ಫೋಟೋ ತೆಗೆದುಕೊಂಡರು. ಸಂಜೆ ಅವಳನ್ನು ಮತ್ತೆ ಕರೆಸಿ ಕೂರಿಸಿದಾಗ ಅವರ ದನಿಯಲ್ಲಿ ಮರುಕವಿತ್ತು.

“ಮೊದಲೇ ಹೇಳ್ಬಾರ್ದಿತ್ತೇನಮ್ಮ? ಇದು ದೊಡ್ಡ ಪುರಾವೆ. ಒಂದು ಹೇಳಿಕೆ ಬರೆದುಕೊಡಿ.”

ಹೇಳಿಕೆಯನ್ನು ಅವಳು ಪರೀಕ್ಷಾ ವರದಿಯಷ್ಟೇ ಬಿಗಿಯಾಗಿ ಬರೆದಳು. ಯಾವ ಕಡೆಯಿಂದಲೂ ಬೆರಳು ತೂರದಂತೆ. ಕಳೆದ ವರ್ಷದ ಆ ಶನಿವಾರ ಮಧ್ಯಾಹ್ನ ಈ ಚೀಟಿಯನ್ನು ನಾನೇ ಬರೆದು ಈ ಹಾಳೆಯ ಈ ಚೌಕಕ್ಕೆ ಅಂಟಿಸಿದೆ. ಅಂದಿನಿಂದ ಇಂದಿನವರೆಗೆ ಅದನ್ನು ಮುಟ್ಟಿಲ್ಲ. ಕೆಳಗೆ ಸಹಿ.

ಆ ರಾತ್ರಿ ಊಟಕ್ಕೆ ಕೂತಾಗ ಹೇಳಿಕೆಯ ಸುದ್ದಿ ಕೇಳಿ ತಂಗಿ, “ನೀನು ಹೋದ ವರ್ಷ ಅಲ್ಲಿ ಮಾತಾಡ್ಲೇ ಇಲ್ಲ ಅಂದಿದ್ದೆಯಲ್ಲ ಅಕ್ಕ?” ಎಂದಳು.

“ಮಾತಾಡಿದ್ದೆ ಕಣೇ. ನಿಂಗೆ ಮರೆತಿದೆ.”

“ಇರಬಹುದು,” ಎಂದಳು ತಂಗಿ. ಅಷ್ಟು ಬೇಗ ಒಪ್ಪಿದ್ದರಿಂದ ಅಕ್ಕನಿಗೆ ನೋವಾಯಿತು.

ಬುಧವಾರ ಹತ್ತು ಗಂಟೆಗೆ ಸುರುಳಿಯನ್ನು ಇಲಾಖೆಯ ವಶಕ್ಕೆ ತೆಗೆದುಕೊಳ್ಳುವ ಕೆಲಸ. ಎರಡೂ ಕಡೆಯವರ ಎದುರಿನಲ್ಲೇ ಆಗಬೇಕೆಂದು ನಿಯಮ. ಮೊಗಸಾಲೆಯಲ್ಲಿ ಬಿಸಿಲು ನೆಲದ ಮೇಲೆ ಕಿಟಕಿಯ ಚೌಕಗಳನ್ನು ಬಿಡಿಸಿತ್ತು. ಕೆಳಗಿನ ತರಗತಿಯಿಂದ ಯಾರೋ ಒಕ್ಕೊರಲಿನಲ್ಲಿ ಸೂತ್ರ ಒಪ್ಪಿಸುವುದು ಕೇಳುತ್ತಿತ್ತು. ಮುಖ್ಯಸ್ಥ ತನ್ನ ವಕೀಲನೊಂದಿಗೆ ಬಂದು ಚೀಟಿಯ ಮುಂದೆ ನಿಂತ, ಓದಿದ, ಇನ್ನೊಮ್ಮೆ ಓದಿದ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವನ ಮುಖದಲ್ಲಿ ನಗು ಇಲ್ಲದ್ದನ್ನು ಅವಳು ನೋಡಿದಳು. ಅದು ಇಷ್ಟು ಸಾಧಾರಣವಾದ ಮುಖವೆಂದು ಅವಳಿಗೆ ಗೊತ್ತಿರಲಿಲ್ಲ. ವಕೀಲ ಅವನ ಕಿವಿಯಲ್ಲಿ ಏನೋ ಹೇಳಿದ. 'ವರದಿ ಮಾಡಿದೆ, ಅಳಿಸಿದರು' ಎಂಬ ಸಾಲಿನ ಕೆಳಗೆ ಅಧಿಕಾರಿ ಪೆನ್ಸಿಲಿನ ತುದಿ ಹಿಡಿದು, “ಅಕ್ಷರ ನಿಮ್ಮದೇ ತಾನೆ?” ಎಂದು ಪರೀಕ್ಷಕಿಯನ್ನು ಕೇಳಿದರು. ನನ್ನದೇ ಎಂದಳು. ಎಷ್ಟೋ ದಿನದ ಮೇಲೆ ಪೂರ್ತಿ ನಿಜವಾದ ಒಂದು ಮಾತು ಆಡಿದಂತೆನ್ನಿಸಿ ಉಸಿರು ಹಗುರಾಯಿತು. ಆಸ್ಪತ್ರೆಯ ಆ ಹೆಂಗಸಿಗೆ ಪರಿಹಾರವಾದರೂ ಸಿಗುತ್ತದೆ ಎಂದುಕೊಂಡಳು. ಈ ಸಲ ವಾರ್ಡಿನ ಒಳಗೆ ಹೋಗಬಹುದು.

ಸುರುಳಿ ಇಳಿಸಲು ಗೋಂದು ಮೇಷ್ಟ್ರು ಏಣಿ ತಂದರು. ಇಷ್ಟು ದೊಡ್ಡವರು ತಮ್ಮ ಗೋಡೆಯ ಕಾಗದ ಕೇಳಿಕೊಂಡು ಬಂದದ್ದಕ್ಕೆ ಅವರಿಗೆ ಹಿಗ್ಗೋ ಹಿಗ್ಗು. “ಚೆನ್ನಾಗಿ ಬಂದಿದೆ ಅಲ್ವಾ ಮೇಡಂ? ನೋಡಿದವರಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲ,” ಎಂದರು ಅಧಿಕಾರಿಗೆ. ಯಾವುದರ ಅನುಮಾನ ಎಂದು ಅಧಿಕಾರಿ ಬರೆಯುತ್ತಲೇ ಕೇಳಿದರು. “ಇದು ಹೊಸದು ಅಂತ! ಉಳಿದ ಎಂಟೂ ಅಸಲಿ. ಇದೊಂದು ಮಾತ್ರ ಮೇಲಿನ ಟ್ಯಾಂಕ್ ಸೋರಿ ಮುದ್ದೆಯಾಗಿ ಹೋಗಿತ್ತು, ಎಸೆದುಬಿಟ್ಟೆ. ಹತ್ತನೇ ವರ್ಷಕ್ಕೆ ಒಂದು ಕಡಿಮೆ ಆದ್ರೆ ಹೇಗೆ ಅಂತ, ಹೋದ ಭಾನುವಾರದ ಹಿಂದಿನ ಭಾನುವಾರ ನಾನೇ ಹೊಸ ಕಾಗದ ತಂದು ಗೆರೆ ಹಾಕಿದೆ. ಅವತ್ತು ಮಾತಾಡಿದವರಿಗೆಲ್ಲ ಫೋನ್ ಮಾಡಿ, ನಿಮ್ಮ ಚೀಟಿ ನೀವೇ ಇನ್ನೊಂದ್ಸಲ ಬರೆದುಕೊಡಿ ಅಂತ ಒಬ್ಬೊಬ್ಬರನ್ನೂ ಕಾಡಿಸಿ ಇಸ್ಕೊಂಡೆ.” ಪೆನ್ಸಿಲ್ ನಿಂತಿತು. ಮುಖ್ಯಸ್ಥನ ವಕೀಲ ಫೈಲು ತೆರೆದು ನಿನ್ನೆಯ ಹೇಳಿಕೆಯ ಪ್ರತಿಯನ್ನು ಮೇಲಕ್ಕೆ ತೆಗೆದ. ಆ ಇಡೀ ಹಾಳೆಯಲ್ಲಿ ನಿಜವಾಗಿ ಒಂದು ವರ್ಷ ಹಳೆಯದಾದ ಕಾಗದ ಒಂದೇ ಇತ್ತು, ಅದು ಅವಳದು. ಮೇಷ್ಟ್ರು ಏಣಿಯ ಮೇಲಿನಿಂದ ಎರಡೂವರೆಯ ಚೌಕದತ್ತ ಬಗ್ಗಿ, ಕನ್ನಡಕ ಸರಿಮಾಡಿಕೊಂಡು ಅವಳ ಹೆಸರು ಓದಿ, ಸಹಾಯ ಮಾಡುವವರ ಪ್ರೀತಿಯಿಂದಲೇ ಅವಳತ್ತ ತಿರುಗಿದರು. “ನಿಮಗೂ ಫೋನ್ ಮಾಡಿದ್ದೆ ಅಲ್ವಾ ಮೇಡಂ? ಮಾಡಿರಬೇಕು... ಎಷ್ಟು ಯೋಚನೆ ಮಾಡಿದ್ರೂ ನೆನಪಿಗೇ ಬರ್ತಾ ಇಲ್ಲ.”